ತಗಡಿನ ಬೋಟು ಮಾಡಿದವರು ಯಾರು?

ಜಾತ್ರೆಯಲ್ಲಿ ಕೊಂಡ ತಗಡಿನ ಬೋಟನ್ನು ನಿಮ್ಮಲ್ಲಿ ಎಷ್ಟು ಮಂದಿ ನೀರಿಗೆ ಬಿಟ್ಟಿದ್ದೀರಿ? ಒಳಗೆ ಪುಟ್ಟ ಎಣ್ಣೆಬತ್ತಿ ಹಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಟಪಟಪ ಸದ್ದು ಮಾಡುತ್ತ ಅದು ಅಗಲವಾದ ಬೋಗುಣಿಯನ್ನು ಸುತ್ತತೊಡಗುತ್ತದೆ. ಇಂಥದೊಂದು ಹಳೆಯ ಬೋಟನ್ನು ನಾನು ಲಗ್ಗೆರೆಯ ಗುಜರಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕದಲ್ಲಿ ಕೊಂಡೆ. ಬಣ್ಣ ಎದ್ದುಹೋಗಿತ್ತು, ತಳಕ್ಕೆ ತುಕ್ಕು ಹಿಡಿದಿತ್ತು. ಚಿಕ್ಕಂದಿನಲ್ಲಿ ನನ್ನದೇ ಒಂದು ಬೋಟು ಮನೆಯ ಒಡಕು ಪಾತ್ರೆಗಳ ಜೊತೆ ಗುಜರಿಗೆ ಹೋಗಿತ್ತು. ಹಾಗಾಗಿ ಇದನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ನನ್ನಲ್ಲಿರುವ ತಗಡಿನ ಆಟಿಕೆಗಳ ಸಣ್ಣ ಸಂಗ್ರಹಕ್ಕೆ ಅದೂ ಸೇರಿತು.

ಮೊದಲು ಈ ಬೋಟು ಹೇಗೆ ಓಡುತ್ತದೆಂದು ನೋಡೋಣ. ಇದರೊಳಗೆ ತೆಳುವಾದ ಲೋಹದ ಚಿಕ್ಕ ಬಾಯ್ಲರ್ ಇದೆ. ಅದರಿಂದ ಎರಡು ಕೊಳವೆಗಳು ಹಿಂಬದಿಯ ನೀರಿಗೆ ಇಳಿಯುತ್ತವೆ. ಬತ್ತಿಯ ಶಾಖಕ್ಕೆ ಬಾಯ್ಲರಿನ ನೀರು ಹಬೆಯಾಗಿ ಹಿಗ್ಗಿ ಕೊಳವೆಯಲ್ಲಿರುವ ನೀರನ್ನು ಹೊರಕ್ಕೆ ತಳ್ಳುತ್ತದೆ. ಹಬೆ ತಣಿದು ಕುಗ್ಗಿದಾಗ ನೀರು ಮತ್ತೆ ಒಳಕ್ಕೆ ನುಗ್ಗುತ್ತದೆ. ಬಾಯ್ಲರಿನ ಮೇಲಿನ ತೆಳುಹಾಳೆ ಉಬ್ಬಿ ತಗ್ಗುವುದರಿಂದ ಆ ಸದ್ದು ಹುಟ್ಟುತ್ತದೆ. ಹೊರಹೋದಷ್ಟೇ ನೀರು ಒಳಬಂದರೆ ಬೋಟು ಇದ್ದಲ್ಲೇ ಇರಬೇಕಲ್ಲವೇ? ಇರುವುದಿಲ್ಲ. ಹೊರಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವ ನೀರು ಕೊಳವೆಯ ಬಾಯಿಗೆ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಆದ್ದರಿಂದ ಬೋಟು ಮುಂದಕ್ಕೆ ಸಾಗುತ್ತದೆ.

ಈ ಉಪಾಯದ ಇತಿಹಾಸ ದಾಖಲೆಯಲ್ಲಿದೆ. 1891ರಲ್ಲಿ ತಾಮಸ್ ಪಿಯೊ ಎಂಬ ಫ್ರೆಂಚ್ ವ್ಯಕ್ತಿ ಇಂಗ್ಲೆಂಡಿನಲ್ಲಿ ಇಂಥ ಬೋಟಿಗೆ ಪೇಟೆಂಟ್ ಕೋರಿದ. 1910ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ ಸದ್ದು ಮಾಡುವ ತೆಳುಹಾಳೆಯ ಬಾಯ್ಲರನ್ನು ರೂಪಿಸಿದ.

ಆ ಕಾಲದಲ್ಲಿ ತಗಡಿನ ಆಟಿಕೆಗಳ ರಾಜಧಾನಿ ಎಂದರೆ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣ. ಉಕ್ಕಿನ ತೆಳು ಹಾಳೆಗೆ ತವರದ ಲೇಪ ಕೊಟ್ಟರೆ ಅದು ಬೇಗ ತುಕ್ಕು ಹಿಡಿಯುವುದಿಲ್ಲ, ಸುಲಭವಾಗಿ ಬಾಗುತ್ತದೆ, ಬೆಸುಗೆಯನ್ನೂ ಹಿಡಿಯುತ್ತದೆ. ಮೊದಮೊದಲು ಆಟಿಕೆಗಳನ್ನು ಬೆಸೆದು ಕೈಯಿಂದಲೇ ಬಣ್ಣ ಬಳಿಯುತ್ತಿದ್ದರು. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ತಗಡಿನ ಮೇಲೆ ಚಿತ್ರ ಮುದ್ರಿಸುವ ಆಫ್‌ಸೆಟ್ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದೆ ಚಪ್ಪಟೆ ಹಾಳೆಯ ಮೇಲೆಯೇ ಕಿಟಕಿ, ಚಕ್ರ, ಚಾಲಕನ ಮುಖ ಎಲ್ಲವನ್ನೂ ಅಚ್ಚುಹಾಕಿ, ಆಮೇಲೆ ಕತ್ತರಿಸಿ ಮಡಿಸುವ ಕ್ರಮ ಬೆಳೆಯಿತು. ನ್ಯೂರೆಂಬರ್ಗಿನ ಬಿಂಗ್ ಸಹೋದರರ ಕಂಪನಿ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಅತಿ ದೊಡ್ಡ ಆಟಿಕೆ ತಯಾರಕರಲ್ಲಿ ಒಂದಾಗಿತ್ತು. 1930ರ ದಶಕದ ಆರಂಭದಲ್ಲಿ ಅದು ಮುಚ್ಚಿಹೋಯಿತು. ಆದರೂ ತಳದಲ್ಲಿ ‘ಜಿ.ಬಿ.ಎನ್.’ ಎಂಬ ಅಕ್ಷರಗಳಿದ್ದರೆ ಅದು ಬಿಂಗ್ ಆಟಿಕೆ ಎಂದು ಸಂಗ್ರಾಹಕರು ಇಂದಿಗೂ ಗುರುತಿಸುತ್ತಾರೆ.

ಇಂಥ ಗುರುತುಗಳಿಗೆ ಕಾನೂನೂ ಒಂದು ಕಾರಣ. ಬ್ರಿಟನ್ನಿನ 1887ರ ಸರಕು ಗುರುತು ಕಾಯಿದೆ ಮತ್ತು ಅಮೆರಿಕದ 1890ರ ಸುಂಕ ಕಾಯಿದೆಯ ನಂತರ, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಕಾಣಿಸಿಕೊಳ್ಳತೊಡಗಿತು. ಎರಡನೆಯ ಮಹಾಯುದ್ಧ ಮುಗಿದ 1945ರ ಡಿಸೆಂಬರಿನಲ್ಲಿ ಜಪಾನಿನ ಮತ್ಸುಜೊ ಕೊಸುಗೆ, ಅಮೆರಿಕದ ಸೈನಿಕರು ಎಸೆದ ಆಹಾರದ ಡಬ್ಬಗಳಿಂದ ಪುಟ್ಟ ಜೀಪುಗಳನ್ನು ಮಾಡಿ ಮಾರಾಟಕ್ಕೆ ತಂದ. 1947ರಿಂದ 1952ರವರೆಗೆ ಜಪಾನಿನಿಂದ ರಫ್ತಾದ ಅನೇಕ ಆಟಿಕೆಗಳ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಇರುತ್ತಿತ್ತು. ಒಂದು ದೇಶದ ಸೋಲು ಮಗುವಿನ ಆಟಿಕೆಯ ತಳದಲ್ಲಿಯೂ ದಾಖಲಾಗಿರುವುದನ್ನು ಗಮನಿಸಿ.

ಈಗ ಲಗ್ಗೆರೆಯ ಬೋಟಿಗೆ ಬರೋಣ. ಅದರ ತಳದಲ್ಲಿ ಹೆಸರಿಲ್ಲ, ಊರಿಲ್ಲ, ಮುದ್ರೆಯೂ ಇಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ಲಗ್ಗೆರೆಯಲ್ಲಿ ಲೇತ್, ಪ್ರೆಸ್, ಡೈ ಕೆಲಸ ಬಲ್ಲವರಿಗೆ ಬರವಿಲ್ಲ. ಡೈ ಮಾಡುವ ಕಾರ್ಮಿಕರೊಬ್ಬರಿಗೆ ಬೋಟನ್ನು ತೋರಿಸಿದೆ. ಅವರು ಅದರ ಅಂಚಿನ ಮೇಲೆ ಬೆರಳಾಡಿಸಿ, “ಇದು ಪ್ರೆಸ್ಸಿನಲ್ಲಿ ಬಿದ್ದ ಮಾಲಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು” ಎಂದರು. ಡೈನಲ್ಲಿ ಕತ್ತರಿಸಿದ ತಗಡಿನ ಅಂಚಿನ ಚೂಪು ಉದ್ದಕ್ಕೂ ಒಂದೇ ಕಡೆ, ಒಂದೇ ಸಮನಾಗಿರುತ್ತದೆ. ಕತ್ತರಿಯಾದರೆ ಅದು ಬಿಟ್ಟುಬಿಟ್ಟು ಹಿಡಿದ ಕಡೆಯಲ್ಲೆಲ್ಲ ಸಣ್ಣ ಮೆಟ್ಟಿಲು ಉಳಿಯುತ್ತದೆ. ಬೆಸುಗೆ ಹಾಕಿದವರ ಕೈ ಪಳಗಿದ್ದು ಎಂದೂ ಅವರು ಹೇಳಿದರು.

ಬೋಟಿನ ಒಳಮೈಯಲ್ಲಿ ಇನ್ನೊಂದು ಸುಳಿವಿತ್ತು. ಅದು ಹಳೆಯ ಎಣ್ಣೆ ಡಬ್ಬದ ತಗಡು. ಅರ್ಧ ಕತ್ತರಿಸಿದ ಹೂವಿನ ಚಿತ್ರ, ‘ಕಿಲೋ’ ಎಂಬ ಪದ, ಅದರ ಕೆಳಗೆ ಆರು ಅಂಕಿಗಳ ಪಿನ್ ಕೋಡ್. ನಮ್ಮಲ್ಲಿ ಮೆಟ್ರಿಕ್ ತೂಕ ಜಾರಿಗೆ ಬಂದದ್ದು 1958ರಿಂದ, ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅಂದರೆ ಈ ಬೋಟು 1972ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಡಬ್ಬ ಮಾಡಿದ ಕಂಪನಿಗೆ ವಿಳಾಸವಿತ್ತು, ಬೋಟು ಮಾಡಿದ ಕೈಗೆ ವಿಳಾಸ ಸಿಗಲಿಲ್ಲ.

ಹೆಸರು ಉಳಿದರೇನು, ಅಳಿದರೇನು ಎಂದು ನೀವು ಕೇಳಬಹುದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಚೂಪು ಅಂಚು, ಸೀಸವಿರುವ ಬಣ್ಣ ಮುಂತಾದ ಅಪಾಯಗಳಿಂದ ಮಕ್ಕಳನ್ನು ಕಾಪಾಡಲು ಇಂಥ ನಿಯಮ ಬೇಕು. ಆದರೆ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿಕೆ ಪಡೆದ ವಸ್ತುಗಳನ್ನು ತಯಾರಿಸುವ ನೋಂದಾಯಿತರಿಗೂ ಇದರಿಂದ ವಿನಾಯಿತಿ ಇದೆ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಏರಿಸುವ ಚನ್ನಪಟ್ಟಣದ ಬೊಂಬೆಗೆ ಆ ಸೂಚಿಕೆ ದೊರೆತಿದೆ. ಊರಿನ ಹೆಸರೇ ಆ ಬೊಂಬೆಗೆ ಕಾವಲು. ಜಾತ್ರೆಯಿಂದ ಜಾತ್ರೆಗೆ ಹೋಗುವ, ಯಾವ ಪಟ್ಟಿಯಲ್ಲೂ ಹೆಸರಿಲ್ಲದ ತಗಡು ಕೆಲಸದವನಿಗೆ ಇಂಥ ಕಾವಲಿಲ್ಲ. ಅವನು ಕೆಲಸ ಬಿಟ್ಟ ದಿನ ಅವನ ವಿದ್ಯೆಯೂ ಅಲ್ಲಿಗೇ ನಿಲ್ಲುತ್ತದೆ.

ವಿದ್ಯಾರ್ಥಿ ಮಿತ್ರರೇ, ಹಳೆಯ ಆಟಿಕೆ ಕೈಗೆ ಸಿಕ್ಕರೆ ಉಜ್ಜಿ ಹೊಳಪು ಕೊಡಬೇಡಿ, ಹೊಸ ಬಣ್ಣ ಬಳಿಯಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಆದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ, ಎಳೆಯ ಮಕ್ಕಳ ಕೈಗೆ ಕೊಡಬೇಡಿ. ಒಣಗಿದ ಜಾಗದಲ್ಲಿ ಇಡಿ. ಮುಂದಿನ ಕಡಲೆಕಾಯಿ ಪರಿಷೆಯಲ್ಲೋ ನಿಮ್ಮೂರ ಜಾತ್ರೆಯಲ್ಲೋ ತಗಡಿನ ಆಟಿಕೆ ಕಂಡರೆ ಮಾರುವವರನ್ನು ಮೂರು ಮಾತು ಕೇಳಿ: ಇದನ್ನು ಮಾಡಿದವರು ಯಾರು? ಯಾವ ಊರಿನವರು? ತಗಡು ಎಲ್ಲಿಂದ ತಂದರು? ಅವರು ಒಪ್ಪಿ ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಆಟಿಕೆಯ ಜೊತೆಯಲ್ಲೇ ಇಡಿ.

ನನ್ನ ಬೋಟಿನ ಚೀಟಿಯಲ್ಲಿ ‘ಲಗ್ಗೆರೆ ಗುಜರಿ, 1972ರ ನಂತರದ್ದು, ಕತ್ತರಿ ಕೆಲಸ’ ಎಂದಿದೆ. ಹೆಸರು ಬರೆಯಬೇಕಾದ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮ ಚೀಟಿಯಲ್ಲಿ ಆ ಸಾಲು ತುಂಬಲಿ.