ಸಿಂಪ್ಯೂಟರ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಎಂಬ ಖಾಸಗಿ ಕಂಪನಿಯ ಎಂಜಿನಿಯರುಗಳೂ ಕೂಡಿ 1998ರಿಂದ 2001ರ ನಡುವೆ ರೂಪಿಸಿದ, ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರ್. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹೆಸರು ಹುಟ್ಟಿತು. ಓದುಬರಹ ಬಾರದ ಹಳ್ಳಿಯವರಿಗೂ ಮಾಹಿತಿ ಅವರದೇ ಭಾಷೆಯಲ್ಲಿ, ಬೇಕಾದರೆ ದನಿಯಲ್ಲಿ ಸಿಗಬೇಕು ಎಂಬುದು ಅದರ ಉದ್ದೇಶ. ಸರಕಾಗಿ ಅದು ಸೋತಿತು. ಆದರೆ ವಿದ್ಯಾಸಂಸ್ಥೆಯೂ ಉದ್ಯಮವೂ ಸಮಪಾಲಿನಲ್ಲಿ ಕೂಡಿ ಒಂದು ಯಂತ್ರವನ್ನು ಸಾರ್ವಜನಿಕರಿಗೆ ತೆರೆದಿಟ್ಟ ಪ್ರಯೋಗವಾಗಿ ಕರ್ನಾಟಕದ ತಂತ್ರಜ್ಞಾನದ ಇತಿಹಾಸದಲ್ಲಿ ಅದಕ್ಕೆ ಸರಿಸಾಟಿಯಾದವು ವಿರಳ.

ಹಿನ್ನೆಲೆ

ವಿಜ್ಞಾನ ಸಂಸ್ಥೆ ಹುಟ್ಟಿದ್ದೇ ಉದ್ಯಮಿಯೊಬ್ಬರ ಹಣದಿಂದ. ಜಮ್‌ಶೆಟ್‌ಜಿ ಟಾಟಾ ಅವರ ದತ್ತಿ ಮತ್ತು ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನಿನ ಮೇಲೆ 1909ರಲ್ಲಿ ಅದು ಸ್ಥಾಪನೆಯಾಯಿತು. ಹಾಗಿದ್ದೂ ಪ್ರಯೋಗಾಲಯದ ಕೆಲಸವನ್ನು ಕಾರ್ಖಾನೆಗೆ ದಾಟಿಸಲು ವ್ಯವಸ್ಥಿತ ದಾರಿ ಬಹುಕಾಲ ಇರಲಿಲ್ಲ. ಕೈಗಾರಿಕೆಗಳಿಗೆ ಸಲಹೆ ಕೊಡುವ ಕೇಂದ್ರ 1975ರಲ್ಲಿ, ನಾವೀನ್ಯ ಮತ್ತು ಅಭಿವೃದ್ಧಿಯ ಸೊಸೈಟಿ 1991ರಲ್ಲಿ ಬಂದವು. ಹಳ್ಳಿಯ ಕಡೆಗಿನ ದಾರಿಯನ್ನು 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಸಂಸ್ಥೆಯಲ್ಲಿ ಆರಂಭಿಸಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ತೆರೆಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಒಲೆ, ಗೋಬರ್ ಗ್ಯಾಸ್, ಮಣ್ಣಿನ ಇಟ್ಟಿಗೆ ಅಲ್ಲಿನ ವಿಷಯಗಳು; ಮಾಹಿತಿ ಆ ಪಟ್ಟಿಯಲ್ಲಿ ಇರಲಿಲ್ಲ.

ಹಳ್ಳಿಗೆ ಮಾಹಿತಿ ಕಳುಹಿಸುವ ದೊಡ್ಡ ಪ್ರಯೋಗ ಅದೇ ದಶಕದಲ್ಲಿ ಬೇರೆಡೆ ನಡೆದಿತ್ತು. 1975–76ರಲ್ಲಿ ಇಸ್ರೋ, ಅಮೆರಿಕದ ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಊರವರು ಒಟ್ಟಾಗಿ ಕೂತು ನೋಡಬಹುದಿತ್ತು, ತಿರುಗಿ ಕೇಳುವಂತಿರಲಿಲ್ಲ. ನೋಡುಗನಿಗೆ ತಿರುಗಿ ಕೇಳುವ, ಬೇಕಾದ್ದನ್ನು ಹೆಕ್ಕುವ ಅವಕಾಶ ಕೊಡಬೇಕು ಎಂಬ ಹಂಬಲ ಸಿಂಪ್ಯೂಟರಿನಲ್ಲಿ ಕಾಣುತ್ತದೆ.

ಟ್ರಸ್ಟ್‌ನ ರಚನೆ

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅಲ್ಲಿ ಹೊರಬಿದ್ದ ಬೆಂಗಳೂರು ಘೋಷಣೆಯಿಂದ ಅಗ್ಗದ ಸಾಧನದ ಯೋಚನೆ ಗಟ್ಟಿಯಾಯಿತು. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ನೋಂದಣಿಯಾಯಿತು. ಏಳು ಟ್ರಸ್ಟಿಗಳಲ್ಲಿ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರು ಸಂಸ್ಥೆಯ ಕಂಪ್ಯೂಟರ್ ವಿಜ್ಞಾನ ವಿಭಾಗದವರು. ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಎನ್ಕೋರ್‌ನವರು. ಸಾಮಾನ್ಯವಾಗಿ ಕಂಪನಿ ಹಣ ಕೊಡುತ್ತದೆ, ಪ್ರಾಧ್ಯಾಪಕರು ವರದಿ ಬರೆದುಕೊಡುತ್ತಾರೆ, ಹಕ್ಕು ಕಂಪನಿಯದು. ಇಲ್ಲಿ ವಿನ್ಯಾಸದ ಹಕ್ಕು ಎರಡು ಪಾಲುದಾರರಲ್ಲಿ ಯಾರಿಗೂ ಸೇರದೆ ಲಾಭರಹಿತ ಟ್ರಸ್ಟ್‌ನ ಕೈಯಲ್ಲಿ ಉಳಿಯಿತು. ಜಾಣ ಏರ್ಪಾಡು. ತಯಾರಿಕೆಗೆ ಬಂಡವಾಳ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಯಂತ್ರ

2001ರ ಏಪ್ರಿಲ್ 25ರಂದು ಮಾದರಿ ಬಿಡುಗಡೆಯಾಯಿತು. ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ, ಕಡ್ಡಿಯಿಂದ ಮುಟ್ಟಿ ನಡೆಸುವ 320x240 ಚುಕ್ಕಿಗಳ ಕಪ್ಪು-ಬಿಳುಪು ಪರದೆ ಅದರಲ್ಲಿದ್ದವು. ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿರಬೇಕೆಂಬ ಲೆಕ್ಕಾಚಾರವಿತ್ತು. ಆ ಕಾಲದ ಕೂಲಿಕಾರನಿಗೆ ಅದೂ ನಿಲುಕದ ಮೊತ್ತ ಎಂದು ವಿನ್ಯಾಸಕಾರರಿಗೆ ತಿಳಿದಿತ್ತು. ಆದ್ದರಿಂದ ಸ್ಮಾರ್ಟ್ ಕಾರ್ಡ್ ಹಾಕುವ ಸೀಳು ಇಟ್ಟರು. ಯಂತ್ರ ಪಂಚಾಯಿತಿಯದೋ ಅಂಗಡಿಯವರದೋ ಆಗಿರಲಿ, ಕಾರ್ಡ್ ಮಾತ್ರ ಬಳಸುವವರದು. ಎಸ್‌ಟಿಡಿ ಬೂತಿನ ಫೋನಿನಂತೆ ಒಂದೇ ಸಾಧನವನ್ನು ಊರೆಲ್ಲ ಬಾಡಿಗೆಗೆ ಬಳಸಲಿ ಎಂಬ ಯೋಜನೆ ಅದು.

ಹೆಚ್ಚು ಶ್ರಮ ಬಿದ್ದದ್ದು ಭಾಷೆಯ ಮೇಲೆ. ಭಾರತೀಯ ಲಿಪಿಗಳಲ್ಲಿ ಪುಟ ತೋರಿಸಲು ಐಎಂಎಲ್ ಎಂಬ ಗುರುತುಭಾಷೆಯನ್ನು ರೂಪಿಸಿದರು. ಪಠ್ಯವನ್ನು ಓದಿಹೇಳಲು ರಮೇಶ್ ಹರಿಹರನ್ ಅವರು 'ಧ್ವನಿ' ತಂತ್ರಾಂಶ ಬರೆದರು. ಮೊದಲು ಮಾತಾಡಿದ ಭಾಷೆಗಳಲ್ಲಿ ಕನ್ನಡವೂ ಇತ್ತು. ಆಗಿನ ಸ್ಮೃತಿಯ ಮಿತಿಯಲ್ಲಿ ಅದು ಧ್ವನಿಯ ತುಣುಕುಗಳನ್ನು ಜೋಡಿಸಿ ಉಚ್ಚರಿಸುತ್ತಿತ್ತು. ಹುಟ್ಟಿದ ದನಿ ಯಾಂತ್ರಿಕವಾಗಿತ್ತು, ಆದರೆ ಅರ್ಥವಾಗುತ್ತಿತ್ತು.

ಪರವಾನಗಿ

ಸಿಂಪ್ಯೂಟರಿನ ನಿಜವಾದ ಹೊಸತನ ಅದರ ಪರವಾನಗಿಯಲ್ಲಿದೆ. ಮುಕ್ತ ತಂತ್ರಾಂಶದ ತತ್ತ್ವವನ್ನು ಯಂತ್ರಾಂಶಕ್ಕೆ ಒಗ್ಗಿಸಿದ 'ಸಿಂಪ್ಯೂಟರ್ ಜನರಲ್ ಪಬ್ಲಿಕ್ ಲೈಸೆನ್ಸ್' ಅಡಿಯಲ್ಲಿ ಯಾರು ಬೇಕಾದರೂ ನಕ್ಷೆಯನ್ನು ಪಡೆದು, ಅಧ್ಯಯನ ಮಾಡಿ, ತಿದ್ದಬಹುದಿತ್ತು. ಮಾರಾಟಕ್ಕೆ ತಯಾರಿಸುವವರು ಮಾತ್ರ ಟ್ರಸ್ಟ್‌ಗೆ ಶುಲ್ಕ ಕೊಡಬೇಕು. ಬಡ ದೇಶಗಳ ಕಂಪನಿಗಳಿಗೆ ಕಡಿಮೆ, ಸಿರಿವಂತ ದೇಶಗಳವರಿಗೆ ಹಲವು ಪಟ್ಟು ಹೆಚ್ಚು. ತಯಾರಕರು ಮಾಡಿದ ಸುಧಾರಣೆಯನ್ನು ಸ್ವಲ್ಪ ಕಾಲ ತಮ್ಮಲ್ಲೇ ಇಟ್ಟುಕೊಂಡು ಲಾಭ ಪಡೆಯಬಹುದು, ಆಮೇಲೆ ಎಲ್ಲರ ಬಳಕೆಗೆ ಒಪ್ಪಿಸಬೇಕು. ಮುಕ್ತ ಯಂತ್ರಾಂಶದ ಚಳವಳಿಗೆ ಹೆಸರು ತಂದುಕೊಟ್ಟ ಇಟಲಿಯ ಆರ್ಡುಯಿನೊ ಫಲಕ ಬಂದದ್ದು 2005ರಲ್ಲಿ. ಅದಕ್ಕೂ ಮೊದಲೇ ಬೆಂಗಳೂರಿನಲ್ಲಿ ಇಂಥ ಕರಾರು ಸಿದ್ಧವಾಗಿತ್ತು ಎಂಬುದನ್ನು ಆ ಚಳವಳಿಯ ಚರಿತ್ರೆಕಾರರು ಸಾಮಾನ್ಯವಾಗಿ ಮರೆಯುತ್ತಾರೆ.

ಪ್ರಚಾರ ಮತ್ತು ತಯಾರಿಕೆ

2001ರ ಕೊನೆಗೆ ಲೇಖಕ ಬ್ರೂಸ್ ಸ್ಟರ್ಲಿಂಗ್ 'ನ್ಯೂಯಾರ್ಕ್ ಟೈಮ್ಸ್'ನ ವಾರಪತ್ರಿಕೆಯಲ್ಲಿ ಇದನ್ನು ಆ ವರ್ಷದ ಅತಿ ಮಹತ್ವದ ಕಂಪ್ಯೂಟರ್ ಆವಿಷ್ಕಾರವೆಂದು ಹೊಗಳಿದರು. ಹೊಗಳಿಕೆ ಬಂದಾಗ ಅಂಗಡಿಯಲ್ಲಿ ಯಂತ್ರವಿರಲಿಲ್ಲ. ನಾಲ್ವರು ಪ್ರಾಧ್ಯಾಪಕರು ಪಿಕೊಪೆಟಾ ಎಂಬ ಕಂಪನಿ ಕಟ್ಟಿ ಪರವಾನಗಿ ಪಡೆದರು. ಜೀವವಿಜ್ಞಾನದ ದತ್ತಾಂಶಕ್ಕಾಗಿ ಇವರೇ 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್ ಆರಂಭಿಸಿದ್ದರು. ಬೋಧಕರು ಕೆಲಸ ಬಿಡದೆ ಉದ್ಯಮ ಕಟ್ಟಲು ವಿಜ್ಞಾನ ಸಂಸ್ಥೆ ಒಪ್ಪಿದ ಆರಂಭದ ನಿದರ್ಶನಗಳಿವು. ಎನ್ಕೋರ್ ತನ್ನದೇ ಮಾದರಿಯನ್ನು ಬೇರೆಯಾಗಿ ಹೊರತಂದಿತು. ಟ್ರಸ್ಟ್‌ನಲ್ಲಿ ಜೊತೆಗಾರರಾದವರು ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳಾದರು.

ಪಿಕೊಪೆಟಾದ 'ಅಮಿಡಾ' ಸಿಂಪ್ಯೂಟರನ್ನು ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಅದು ಬಿಡುಗಡೆಯಾದದ್ದು 2004ರ ಏಪ್ರಿಲಿನಲ್ಲಿ, ಮಾದರಿ ತೋರಿಸಿ ಮೂರು ವರ್ಷಗಳಾದ ಮೇಲೆ. ಕಪ್ಪು-ಬಿಳುಪಿನದಕ್ಕೆ 9,950 ರೂಪಾಯಿ, ಬಣ್ಣದ ಪರದೆಯದಕ್ಕೆ ಸುಮಾರು ಅದರ ಇಮ್ಮಡಿ. ಓಲಾಡಿಸಿದರೆ ಅರಿಯುವ ಚಲನ ಸಂವೇದಕ ಅದರಲ್ಲಿತ್ತು, ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಯಾವ ಭಾಷೆಯಲ್ಲಾದರೂ ಕೈಬರಹದಲ್ಲಿ ಗೀಚಿ ಅದನ್ನೇ ಇ-ಮೇಲ್ ಮಾಡಬಹುದಿತ್ತು. ಕೀಲಿಮಣೆಯಲ್ಲಿ ಕನ್ನಡ ಹೊಂದಿಸುವ ಜಗಳವನ್ನು ಹೀಗೆ ದಾಟಿದ್ದು ಸೊಗಸು.

ಬಳಕೆ

ನಿರೀಕ್ಷೆ 50,000, 2005ರವರೆಗೆ ಮಾರಾಟವಾದದ್ದು ಸುಮಾರು 4,000 ಎಂದು ಆಗಿನ ವರದಿಗಳು ಹೇಳಿದವು. ಕೊಂಡವರಲ್ಲಿ ಹೆಚ್ಚಿನವರು ಸಂಸ್ಥೆಗಳು. ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ಲೆಕ್ಕಕ್ಕೆ, ಗೋವಾದ ಡೆಂಪೊ ಕಂಪನಿ ಕಬ್ಬಿಣದ ಅದಿರಿನ ಸಾಗಾಟದ ಮೇಲೆ ನಿಗಾ ಇಡಲು, ಪೊಲೀಸರು ಸಂಚಾರ ದಂಡದ ಚೀಟಿ ಹರಿಯಲು ಬಳಸಿದರು. ಕರ್ನಾಟಕ ಸರ್ಕಾರ ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಬಳಸಿತು. ಅಂದರೆ ಯಂತ್ರ ರೈತನ ಕೈಗಲ್ಲ, ರೈತನ ಬಗ್ಗೆ ಬರೆದುಕೊಳ್ಳುವವರ ಕೈಗೆ ಹೋಯಿತು.

ರೈತನಿಗೆ ಪರದೆ ಬೇರೆ ದಾರಿಯಿಂದ ಬಂತು. 'ಭೂಮಿ' ಯೋಜನೆಯಡಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ್ದು ಇದೇ ವರ್ಷಗಳಲ್ಲಿ. ತುಮಕೂರು ಜಿಲ್ಲೆಯ ಕೊಳಾಲ ಹೋಬಳಿಯ ರೈತ ಕೊರಟಗೆರೆಗೆ, ಪಾವಗಡದ ಗಡಿಹಳ್ಳಿಯವನು ಪಾವಗಡಕ್ಕೆ ಬಸ್ಸು ಹತ್ತಿ ಬಂದು ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಕಂಪ್ಯೂಟರ್ ಅವನ ಬಳಿಗೆ ಬರಬೇಕೆಂಬುದು ಸಿಂಪ್ಯೂಟರಿನ ಆಸೆ; ಅವನೇ ಕಂಪ್ಯೂಟರಿನ ಬಳಿಗೆ ಹೋಗಬೇಕಾಯಿತು.

ಸೋಲಿನ ಕಾರಣಗಳು

ಬೆಲೆಯನ್ನೇ ಕಾರಣವೆಂದು ಹೇಳುವುದು ರೂಢಿ. ಅದು ಅರ್ಧಸತ್ಯ. ಬಿಡಿಭಾಗಗಳೆಲ್ಲ ಹೊರದೇಶದವು, ಸಣ್ಣ ಪ್ರಮಾಣದ ತಯಾರಿಕೆಯಲ್ಲಿ ಅವುಗಳ ದರ ಇಳಿಯದು. ಡಾಟ್‌ಕಾಂ ಗುಳ್ಳೆ ಒಡೆದ ಹೊತ್ತಿನಲ್ಲಿ ಯಂತ್ರಾಂಶಕ್ಕೆ ಸಾಹಸ ಬಂಡವಾಳ ಹಾಕುವವರು ಸಿಗಲಿಲ್ಲ. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಮೊಬೈಲಿನದು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು, ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನ್ ಕೊಟ್ಟಿತು, ನೋಕಿಯಾ 1100 ಬಂತು. ಕನ್ನಡ ಗೊತ್ತಿಲ್ಲದ ಆ ಫೋನುಗಳಲ್ಲಿ ಮಾತಾಡಬಹುದಿತ್ತು. ಹಳ್ಳಿಗೆ ಮೊದಲು ಬೇಕಿದ್ದದ್ದು ಅದು. ಅಂಗೈ ಕಂಪ್ಯೂಟರಿನಲ್ಲಿ ತೋರಿಸಲು ಸ್ಥಳೀಯ ಮಾರುಕಟ್ಟೆ ದರ, ಹವಾಮಾನ, ಸರ್ಕಾರಿ ಸುತ್ತೋಲೆಗಳನ್ನು ದಿನವೂ ಕನ್ನಡದಲ್ಲಿ ಸಿದ್ಧಪಡಿಸುವವರು ಯಾರು ಎಂಬುದನ್ನು ಟ್ರಸ್ಟ್ ಬಗೆಹರಿಸಲಿಲ್ಲ. ಒಂದು ಪತ್ರಿಕಾ ಸಂಸ್ಥೆಯೋ ಕೃಷಿ ವಿಶ್ವವಿದ್ಯಾಲಯವೋ ಆ ಏಳು ಮಂದಿಯ ಜೊತೆ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ನಂತರ

ಎನ್ಕೋರ್ 2005ರಲ್ಲಿ ಸಿಎಸ್‌ಐಆರ್ ನೆರವಿನಿಂದ 'ಮೊಬಿಲಿಸ್' ಎಂಬ ದೊಡ್ಡ ಪರದೆಯ ಸಾಧನವನ್ನು ತಂದಿತು. ಪಿಕೊಪೆಟಾ ಮುಂಬೈಯ ಜಿಯೋಡೆಸಿಕ್ ಕಂಪನಿಯಲ್ಲಿ ವಿಲೀನವಾಯಿತು. ಹೆಚ್ಚು ಬಾಳಿದ್ದು ತಂತ್ರಾಂಶ: 'ಧ್ವನಿ'ಯನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ವಿಜ್ಞಾನ ಸಂಸ್ಥೆಯಲ್ಲೇ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ, ತಮಿಳುಗಳ ವಾಚನ ತಂತ್ರಾಂಶ ಮತ್ತು ಅಕ್ಷರ ಗುರುತಿಸುವ ತಂತ್ರಾಂಶಗಳನ್ನು ಬೆಳೆಸಿತು. 2022ರಲ್ಲಿ ಸಂಸ್ಥೆ, ಅದರ ಕೃತಕ ಬುದ್ಧಿಮತ್ತೆಯ ಕೇಂದ್ರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಕೂಡಿ 'ವಾಣಿ' ಯೋಜನೆ ಪ್ರಕಟಿಸಿದವು. ದೇಶದ 773 ಜಿಲ್ಲೆಗಳಲ್ಲಿ ಜನರು ಆಡುವ ಮಾತನ್ನು ಜಿಲ್ಲೆವಾರು ದಾಖಲಿಸಿ ಮುಕ್ತವಾಗಿ ಒದಗಿಸುವುದು ಅದರ ಗುರಿ. ಈ ಸಲ ಹಣ ಬಹುರಾಷ್ಟ್ರೀಯ ಕಂಪನಿಯದು, ಸಾಧನ ಆಗಲೇ ಎಲ್ಲರ ಜೇಬಿನಲ್ಲಿರುವ ಫೋನು.