ಕತೆಯೊಳಗಿನ ಗೆಳತಿ ಯಾವಾಗ ಬಂದಳು?



ಈ ಸಲ ನಾವು ಎತ್ತಿಕೊಂಡಿರುವ ವಿಷಯವನ್ನು ಊಟದ ಹೊತ್ತಿಗೆ ಯಾರೂ ತೆಗೆಯುವುದಿಲ್ಲ. ಹದಿನಾರು ಹದಿನೇಳರ ಹುಡುಗಿಯೊಬ್ಬಳು ಮದುವೆಗೆ ಮೊದಲೇ ಬಸುರಿಯಾದಳೆಂಬ ಸುದ್ದಿ ಕಿವಿಗೆ ಬಿದ್ದರೆ ನಾವು ಮೊದಲು ಕೇಳುವುದು "ಯಾರ ಮಗಳು?" ಎಂದು. ಆಮೇಲೆ "ಹುಡುಗ ಯಾರು?" ಎಂದು. "ಅವಳ ಹತ್ತಿರ ಈಗ ಯಾರಿದ್ದಾರೆ?" ಎಂದು ಕೇಳುವವರು ಕಡಿಮೆ.

ಕತೆ ಬರೆಯುವವರು ಮಾತ್ರ ಈ ಮೂರನೆಯ ಪ್ರಶ್ನೆಯನ್ನು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಾ ಬಂದಿದ್ದಾರೆ. ಇಂಥ ಹುಡುಗಿಯರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಕೆಲವು ಕತೆಗಳನ್ನು ಜೋಡಿಸಿ ನೋಡಿದರೆ ಒಂದು ಬದಲಾವಣೆ ಕಾಣುತ್ತದೆ. ಹಳೆಯ ಕತೆಗಳಲ್ಲಿ ಗೆಳತಿ ಬರುವುದು ಎಲ್ಲ ಮುಗಿದ ಮೇಲೆ. ಈಚಿನ ಕತೆಗಳಲ್ಲಿ ಎಲ್ಲರಿಗಿಂತ ಮೊದಲು ವಿಷಯ ಗೊತ್ತಾಗುವುದೇ ಅವಳಿಗೆ.

ಸೆರೆಮನೆಯಲ್ಲಿ ಒಂದು ರಾತ್ರಿ

1802ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಮೇರಿ ವೋಸ್ ಎಂಬ ತರುಣಿಯನ್ನು ಗಲ್ಲಿಗೇರಿಸಿದರು. ತನ್ನ ಮಗುವನ್ನು ತಾನೇ ಕೊಂದಳೆಂಬುದು ಅವಳ ಮೇಲಿದ್ದ ಅಪರಾಧ. ಎಲಿಜಬೆತ್ ಎಂಬ ಮೆಥಡಿಸ್ಟ್ ಮಹಿಳೆ ರಾತ್ರಿಯಿಡೀ ಸೆರೆಮನೆಯಲ್ಲಿ ಅವಳ ಜೊತೆ ಪ್ರಾರ್ಥಿಸುತ್ತಾ ಕುಳಿತಳು. ಅಲ್ಲಿಯವರೆಗೆ ಬಾಯಿಬಿಡದಿದ್ದ ಮೇರಿ ಕೊನೆಗೆ ಅತ್ತು ನಡೆದದ್ದನ್ನು ಹೇಳಿಕೊಂಡಳು. ಗಲ್ಲಿನ ಜಾಗಕ್ಕೆ ಹೋದ ಗಾಡಿಯಲ್ಲೂ ಎಲಿಜಬೆತ್ ಅವಳ ಜೊತೆಗಿದ್ದಳು.

ಎಷ್ಟೋ ವರ್ಷಗಳ ನಂತರ ಎಲಿಜಬೆತ್ ಇದನ್ನು ತನ್ನ ಭಾವನ ಮಗಳಿಗೆ ಹೇಳಿದಳು. ಆ ಹುಡುಗಿ ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದ ದೊಡ್ಡ ಕಾದಂಬರಿಕಾರ್ತಿ. ಚಿಕ್ಕಮ್ಮ ಹೇಳಿದ ಈ ಪ್ರಸಂಗವೇ 1859ರಲ್ಲಿ ಬಂದ "ಆಡಮ್ ಬೀಡ್" ಕಾದಂಬರಿಯ ಬೀಜ.

ಅದರಲ್ಲಿ ಹದಿನೇಳರ ಹೆಟ್ಟಿ ಮಾವನ ಮನೆಯಲ್ಲಿ ಹಾಲು ಬೆಣ್ಣೆಯ ಕೆಲಸ ಮಾಡಿಕೊಂಡಿರುವ ಹುಡುಗಿ. ಜಮೀನ್ದಾರನ ಮೊಮ್ಮಗ ಅವಳನ್ನು ಬಸುರಿ ಮಾಡಿ, ವಿಷಯವೇ ತಿಳಿಯದೆ ಸೈನ್ಯಕ್ಕೆ ಹೊರಟುಹೋಗುತ್ತಾನೆ. ಅವನನ್ನು ಹುಡುಕಿಕೊಂಡು ಅವಳು ಒಬ್ಬಳೇ ದೂರದ ವಿಂಡ್ಸರ್‌ವರೆಗೆ ಹೋಗುತ್ತಾಳೆ. ಅವನ ಪಡೆ ಐರ್ಲೆಂಡಿಗೆ ಹೋಗಿಯಾಗಿದೆ. ಹಿಂತಿರುಗುವ ದಾರಿಯಲ್ಲಿ ಹೆರಿಗೆಯಾಗುತ್ತದೆ. ಹೆದರಿದ ಹುಡುಗಿ ಮಗುವನ್ನು ಕಾಡಿನಲ್ಲಿ ಬಿಟ್ಟುಬಿಡುತ್ತಾಳೆ, ಮಗು ಸಾಯುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಕಷ್ಟ ಬಂದರೆ ನನ್ನ ಹತ್ತಿರ ಬಾ ಎಂದು ಡೈನಾ ಎಂಬ ಬಂಧು ಮೊದಲೇ ಹೆಟ್ಟಿಗೆ ಹೇಳಿರುತ್ತಾಳೆ. ಆದರೂ ಹೆಟ್ಟಿ ಅವಳ ಮನೆ ಸೇರುವುದಿಲ್ಲ. ಡೈನಾ ಒಳ್ಳೆಯವಳೆಂದು ಅವಳಿಗೆ ಗೊತ್ತು. ಸುತ್ತಲಿನ ಎಲ್ಲರೂ ತನ್ನಂಥವರ ಬಗ್ಗೆ ಏನು ಮಾತಾಡುತ್ತಾರೆಂಬುದೂ ಗೊತ್ತು. ಆ ಮಾತಿನ ಹೆದರಿಕೆಯೇ ದೊಡ್ಡದಾಯಿತು. ಕೊನೆಗೆ ಡೈನಾಳೇ ಬಂದಳು, ಆದರೆ ಸೆರೆಮನೆಗೆ. ಕಾದಂಬರಿಯಲ್ಲಿ ಹೆಟ್ಟಿಯ ಗಲ್ಲು ತಪ್ಪಿ ಗಡೀಪಾರಾಗುತ್ತದೆ. ನಿಜವಾದ ಮೇರಿ ವೋಸ್‌ಗೆ ಅದೂ ದೊರೆಯಲಿಲ್ಲ.

ಪುಸ್ತಕ ಸುಟ್ಟವರು ಪಕ್ಕದ ಬೆಂಚಿನವರು

ಇದಕ್ಕೆ ಆರು ವರ್ಷ ಮೊದಲು, 1853ರಲ್ಲಿ, ಎಲಿಜಬೆತ್ ಗ್ಯಾಸ್ಕೆಲ್ "ರೂತ್" ಎಂಬ ಕಾದಂಬರಿ ಪ್ರಕಟಿಸಿದ್ದರು. ಅವರು ಮ್ಯಾಂಚೆಸ್ಟರಿನ ಯೂನಿಟೇರಿಯನ್ ಸಭಾಪಾಲಕರೊಬ್ಬರ ಹೆಂಡತಿ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಿಲ್ಲದೆ ತಾಯಿಯಾದವಳ ಪಾಡು ಹೇಗಿತ್ತೆಂಬುದನ್ನು ಕಾನೂನೇ ಹೇಳುತ್ತದೆ. 1834ರ ಬಡವರ ಕಾಯಿದೆ ಅಂಥ ಮಗುವನ್ನು ಸಾಕುವ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿತ್ತು. ತಂದೆಯಿಂದ ಜೀವನಾಂಶ ಕೊಡಿಸಿರೆಂದು ತಾಯಿಯೇ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದದ್ದು 1844ರಲ್ಲಿ.

1850ರ ಜನವರಿಯಲ್ಲಿ ಗ್ಯಾಸ್ಕೆಲ್ ಚಾರ್ಲ್ಸ್ ಡಿಕನ್ಸ್‌ಗೆ ಒಂದು ಪತ್ರ ಬರೆದರು. ಮ್ಯಾಂಚೆಸ್ಟರಿನ ಜೈಲಿನಲ್ಲಿ ಹೊಲಿಗೆ ಕೆಲಸ ಕಲಿಯಲು ಹೋಗಿ ಮೋಸಹೋದ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಹೊರದೇಶಕ್ಕೆ ಕಳುಹಿಸಿ ಹೊಸ ಬದುಕು ಕಟ್ಟಿಕೊಡಲು ದಾರಿ ಹೇಳಿ ಎಂದು ಕೇಳಿದ್ದರು. ಡಿಕನ್ಸ್ ಆಗ ಇಂಥ ಹೆಣ್ಣುಮಕ್ಕಳಿಗಾಗಿ ಲಂಡನ್ನಿನಲ್ಲಿ 1847ರಲ್ಲಿ ತೆರೆದಿದ್ದ ಒಂದು ಆಶ್ರಯಮನೆಯನ್ನು ನೋಡಿಕೊಳ್ಳುತ್ತಿದ್ದರು. ಮೂರು ವರ್ಷಗಳ ನಂತರ ಬಂದ ಕಾದಂಬರಿಯ ರೂತ್ ಕೂಡ ಹೊಲಿಗೆ ಕಲಿಯುವ ಅನಾಥ ಹುಡುಗಿಯೇ.

ರೂತ್‌ಳನ್ನು ಕೈಬಿಟ್ಟು ಹೋದವನು ಶ್ರೀಮಂತ. ಮನೆಗೆ ಕರೆತಂದವರು ಬಡ ಸಭಾಪಾಲಕ ಬೆನ್ಸನ್ ಮತ್ತು ಅವನ ಅಕ್ಕ. ಆದರೆ ನಿಜ ಹೇಳಿದರೆ ಊರು ಸಹಿಸದೆಂದು ಅವಳನ್ನು ವಿಧವೆಯೆಂದು ಪರಿಚಯಿಸುತ್ತಾರೆ. ಮನೆಯ ಕೆಲಸದವಳು ರೂತ್‌ಳ ಕೂದಲನ್ನು ಕತ್ತರಿಸಿ ವಿಧವೆಯರ ಟೋಪಿ ತೊಡಿಸುತ್ತಾಳೆ. ವರ್ಷಗಳ ಮೇಲೆ ಸುಳ್ಳು ಹೊರಬಿದ್ದಾಗ ಬ್ರ್ಯಾಡ್‌ಷಾ ಎಂಬ ಸಭೆಯ ದೊಡ್ಡ ಮನುಷ್ಯ ಅವಳನ್ನು ಮನೆಯಿಂದ ಹೊರಹಾಕುತ್ತಾನೆ. ಅಪ್ಪನ ಎದುರೇ ನಿಂತು ರೂತ್‌ಳ ಪರ ಮಾತಾಡುವವಳು ಅವನ ಮಗಳು ಜೆಮಿಮಾ. ನಮಗೆ ಈ ಕಾದಂಬರಿಯಲ್ಲಿ ಹೆಚ್ಚು ಹತ್ತಿರವಾದವಳು ಇವಳೇ.

ಪುಸ್ತಕ ಹೊರಬಂದಾಗ ಇಬ್ಬರು ಅದರ ಮೊದಲ ಸಂಪುಟವನ್ನು ಸುಟ್ಟುಹಾಕಿದರು, ಮೂರನೆಯವರು ಹೆಂಡತಿಗೆ ಓದಬಾರದೆಂದು ತಾಕೀತು ಮಾಡಿದರು. ಅವರು ಚಾಪೆಲಿನಲ್ಲಿ ತಮ್ಮ ಪಕ್ಕದಲ್ಲೇ ಕೂರುವವರೆಂದು ಗ್ಯಾಸ್ಕೆಲ್ ಪತ್ರವೊಂದರಲ್ಲಿ ಬರೆದಿದ್ದಾರೆ. ಭಾನುವಾರ ಪಕ್ಕದ ಬೆಂಚಿನಲ್ಲಿ ಯಾರಿರುತ್ತಾರೆಂದು ನಾವೆಲ್ಲ ನೋಡುವವರೇ. ಈ ಸಾಲು ಓದಿದ ಮೇಲೆ ನಾವು ಯಾರ ಪಕ್ಕದ ಬೆಂಚು ಎಂಬ ಯೋಚನೆಯೂ ಬರಬೇಕು.

ಹತ್ತೊಂಬತ್ತರ ಹುಡುಗಿ ಬರೆದ ನಾಟಕ

ಮ್ಯಾಂಚೆಸ್ಟರಿಗೆ ಅಂಟಿಕೊಂಡಂತೆ ಸಾಲ್ಫರ್ಡ್ ಎಂಬ ಕಾರ್ಮಿಕರ ಊರಿದೆ. "ರೂತ್" ಬಂದು ನೂರೈದು ವರ್ಷಗಳಾದ ಮೇಲೆ, 1958ರಲ್ಲಿ, ಆ ಊರಿನ ಶೀಲಾ ಡಿಲೇನಿ ಎಂಬ ಹತ್ತೊಂಬತ್ತರ ಹುಡುಗಿ ಬರೆದ "ಎ ಟೇಸ್ಟ್ ಆಫ್ ಹನಿ" ನಾಟಕ ಲಂಡನ್ನಿನಲ್ಲಿ ರಂಗಕ್ಕೇರಿತು. ಅದುವರೆಗೆ ಇಂಥ ಹುಡುಗಿಯ ಬಗ್ಗೆ ಹಿರಿಯರು ಬರೆಯುತ್ತಿದ್ದರು. ಈಗ ಅದೇ ಪ್ರಾಯದವಳು ಬರೆದಳು. ಬಸುರಿಯಾದ ಜೋ ಎಂಬ ಹುಡುಗಿಯನ್ನು ಬಿಟ್ಟು ಅವಳ ತಾಯಿ ಬೇರೆ ಮದುವೆಯಾಗಿ ಹೋಗುತ್ತಾಳೆ. ಆಗ ಅಡುಗೆ ಮಾಡಿ, ಮನೆ ಗುಡಿಸಿ, ಮಗುವಿನ ಬಟ್ಟೆಗೆ ಸಿದ್ಧತೆ ಮಾಡುವವನು ಜೆಫ್. ಸಲಿಂಗಿಯೆಂದು ಜನ ಹೀಯಾಳಿಸುವ ಯುವಕ ಅವನು. ಗೆಳೆತನ ಇಲ್ಲಿ ಹೆರಿಗೆಗೆ ಮೊದಲೇ ಬಂದು ಮನೆಯೊಳಗೆ ಕುಳಿತಿದೆ, ಉಪದೇಶವಿಲ್ಲದೆ ಕೆಲಸ ಮಾಡುತ್ತಿದೆ.

ಗುಟ್ಟು ಕಾಯಬೇಕೇ, ಹೇಳಬೇಕೇ?

1960ರ ದಶಕದ ಕೊನೆಗೆ ಅಮೆರಿಕದಲ್ಲಿ ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿಗಳು ಬೇರೂರತೊಡಗಿದವು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪಾಲ್ ಜಿಂಡೆಲ್ 1969ರಲ್ಲಿ "ಮೈ ಡಾರ್ಲಿಂಗ್, ಮೈ ಹ್ಯಾಂಬರ್ಗರ್" ಬರೆದರು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಗರ್ಭಪಾತ ಆಗ ಅಪರಾಧ. ಲಿಜ್ ಎಂಬ ಹುಡುಗಿ ಕಳ್ಳತನದಲ್ಲಿ ಗರ್ಭ ತೆಗೆಸಲು ಹೋಗುತ್ತಾಳೆ. ಜೊತೆಗೆ ಹೋದವಳು ಗೆಳತಿ ಮ್ಯಾಗಿ. ಯಾರಿಗೂ ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಾಳೆ. ಆದರೆ ಲಿಜ್‌ಗೆ ರಕ್ತಸ್ರಾವ ನಿಲ್ಲದಾದಾಗ ಮಾತು ಮುರಿದು ಅವಳ ಹೆತ್ತವರಿಗೆ ಹೇಳುತ್ತಾಳೆ. ಗೆಳೆತನ ಮುರಿಯುತ್ತದೆ. ಮ್ಯಾಗಿ ಮಾಡಿದ್ದು ಸರಿಯೆಂದು ನಮಗನಿಸುತ್ತದೆ. ಅದಕ್ಕೆ ಅವಳು ತೆತ್ತ ಬೆಲೆಯನ್ನೂ ಜಿಂಡೆಲ್ ಮುಚ್ಚಿಟ್ಟಿಲ್ಲ.

ಆಮೇಲಿನ ಪುಸ್ತಕಗಳು ಹುಡುಗನನ್ನೂ ಕತೆಯೊಳಗೆ ಎಳೆದು ತಂದವು. ಬರ್ಲಿ ಡೋಹರ್ಟಿಯವರ "ಡಿಯರ್ ನೋಬಡಿ" (1991) ಇಂಗ್ಲೆಂಡಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಪಡೆಯಿತು. ಅದರಲ್ಲಿ ಹೆಲೆನ್ ಹುಟ್ಟಲಿರುವ ಮಗುವಿಗೆ ಪತ್ರ ಬರೆಯುತ್ತಾಳೆ, ಉಳಿದ ಕತೆಯನ್ನು ಮಗುವಿನ ತಂದೆ ಕ್ರಿಸ್ ಹೇಳುತ್ತಾನೆ. ಆಂಜೆಲಾ ಜಾನ್ಸನ್ ಅವರ "ದ ಫಸ್ಟ್ ಪಾರ್ಟ್ ಲಾಸ್ಟ್" (2003) ಕಾದಂಬರಿಯಲ್ಲಿ ಹದಿನಾರರ ಬಾಬಿ ರಾತ್ರಿ ನಿದ್ದೆಗೆಟ್ಟು ಮಗಳನ್ನು ಸಾಕುತ್ತಾನೆ. ಮಗುವಿನ ತಾಯಿ ನಿಯಾ ಎಕ್ಲಾಂಪ್ಸಿಯಾದಿಂದ ಪ್ರಜ್ಞೆ ಕಳೆದುಕೊಂಡವಳು ಮತ್ತೆ ಎದ್ದಿಲ್ಲ. ಗರ್ಭಿಣಿಯ ರಕ್ತದೊತ್ತಡ ಏರಿ ಫಿಟ್ಸ್ ಬರುವ ಸ್ಥಿತಿ ಅದು. ಇಪ್ಪತ್ತು ದಾಟಿದವರಿಗಿಂತ ಹದಿಹರೆಯದ ತಾಯಂದಿರಿಗೆ ಇದರ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಚ್ಚಿಟ್ಟಷ್ಟು ದಿನ ಅವಳ ರಕ್ತದೊತ್ತಡ ನೋಡುವವರೂ ಇರುವುದಿಲ್ಲ.

ನಮ್ಮ ನುಡಿಯಲ್ಲಿ

ಕನ್ನಡದಲ್ಲೂ ಈ ಬಾಗಿಲು ಮುಚ್ಚಿರಲಿಲ್ಲ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ" ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಹೆಸರು. ಅದರ ನಾಯಕಿ ಎಳೆಯ ವಿಧವೆ. ಒಂದು ಮನೆಯವರು ಆಶ್ರಯ ಕೊಟ್ಟು ಓದಿಸಿದ್ದರಿಂದ ಅವಳ ಬದುಕು ತಿರುಗುತ್ತದೆ.

ಯು. ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ "ಘಟಶ್ರಾದ್ಧ" (1977) ಸ್ವರ್ಣಕಮಲ ಪಡೆದ ಚಿತ್ರ. ಅಲ್ಲಿ ಬಸುರಿಯಾದ ಎಳೆಯ ವಿಧವೆ ಯಮುನಾಗೆ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಅವಳಿಗೆ ಇರುವ ಒಬ್ಬನೇ ಗೆಳೆಯ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ. ಅವನಿಗೆ ಪ್ರೀತಿಯಿದೆ, ಕೈಯಲ್ಲಿ ಏನೂ ಇಲ್ಲ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ತಲೆ ಬೋಳಿಸಿ ಹೊರಹಾಕುತ್ತಾರೆ. ನಾಣಿಯನ್ನು ಅವನ ತಂದೆ ಬಂದು ಕರೆದೊಯ್ಯುತ್ತಾನೆ. ಗೆಳೆಯ ಬೇಗ ಬಂದರಷ್ಟೇ ಸಾಲದು, ಅವನ ಬೆನ್ನಿಗೆ ದೊಡ್ಡವರೊಬ್ಬರು ಬೇಕೆಂದು ಈ ಚಿತ್ರ ನಮಗೆ ತೋರಿಸಿತು.

ನಮಗೆ ಉಳಿದ ಕೆಲಸ

ಡೈನಾ ತಡವಾಗಿ ಬಂದಳು, ಬೆನ್ಸನ್ ಸುಳ್ಳಿನ ಮರೆಯಲ್ಲಿ ಕಾಪಾಡಿದ, ಮ್ಯಾಗಿ ಒಬ್ಬಳೇ ಹೊತ್ತಳು, ನಾಣಿ ತೀರ ಚಿಕ್ಕವನಾಗಿದ್ದ. ನಾಲ್ವರಿಗೂ ಒಳ್ಳೆಯ ಮನಸ್ಸಿತ್ತು. ಕೊರತೆಯಿದ್ದದ್ದು ಸುತ್ತಲಿನವರಲ್ಲಿ. ಹೊಟ್ಟೆಯಲ್ಲಿ ಮಗುವಿದ್ದ ಮರಿಯ ಅವಸರದಿಂದ ಬೆಟ್ಟದ ನಾಡಿಗೆ ಹೋದದ್ದು ಎಲಿಜಬೆತಳ ಮನೆಗೆ, ಅಲ್ಲಿ ಮೂರು ತಿಂಗಳು ಇದ್ದಳು ಎಂಬುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಮ್ಮಲ್ಲಿ ಒಬ್ಬಳಿಗೆ ಅಂಥ ಮನೆ ಬೇಕಾದರೆ ಯಾವುದೆಂದು ಅವಳಿಗೆ ಮೊದಲೇ ಗೊತ್ತಿರಬೇಕು.

ಅದಕ್ಕೆ ಮೊದಲ ಕೆಲಸ ನಾಲಗೆಯದು. ಬೇರೆ ಯಾರದೋ ಮಗಳ ಬಗ್ಗೆ ನಾವು ಆಡುವ ಮಾತನ್ನು ನಮ್ಮ ಮನೆಯ ಹುಡುಗಿ ಕೇಳಿಸಿಕೊಳ್ಳುತ್ತಿರುತ್ತಾಳೆ, ನಾಳೆ ನಮಗೆ ಹೇಳಬಹುದೇ ಎಂದು ಅಳೆಯುತ್ತಿರುತ್ತಾಳೆ. ಎರಡನೆಯದು, ಗೆಳತಿ ಗುಟ್ಟು ಹೇಳಿದರೆ ಒಬ್ಬರೇ ಹೊರಬೇಡಿ. ಅವಳನ್ನೂ ಕೂಡಿಸಿಕೊಂಡು ನಂಬಿಕೆಯ ಹಿರಿಯರೊಬ್ಬರ ಬಳಿ ಹೋಗಿ, ಬೇಗ ವೈದ್ಯರನ್ನು ಕಾಣಿಸಿ. ಹದಿನೆಂಟು ತುಂಬದವಳ ವಿಷಯದಲ್ಲಿ ಅವಳು ಒಪ್ಪಿದ್ದಳೆಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಅದು ಅಪರಾಧ, ಗೊತ್ತಾದವರು ತಿಳಿಸಲೇಬೇಕು. ಯಾರಿಗೆ ಹೇಳುವುದೆಂದು ತೋಚದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ, ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು. ಹುಡುಗರೇ, ಮೂರನೆಯದು ನಿಮಗೆ: ಹಳೆಯ ಕತೆಗಳಲ್ಲಿ ಹುಡುಗ ಊರು ಬಿಟ್ಟು ಹೋಗುತ್ತಾನೆ, ಹುಡುಗಿ ಹೆಸರು ಹೊರುತ್ತಾಳೆ. ಆ ಕತೆ ನಮ್ಮ ಊರಿನಲ್ಲಿ ಮುಂದುವರಿಯದಿರಲಿ.

ಮುಂದಿನ ಯುವಕೂಟಕ್ಕೆ ಬರುವ ಮೊದಲು "ಘಟಶ್ರಾದ್ಧ" ನೋಡಿ ಬನ್ನಿ, ಸಾಧ್ಯವಾದರೆ ಅಪ್ಪ ಅಮ್ಮನ ಜೊತೆ ಕುಳಿತು ನೋಡಿ. ಚಿತ್ರ ಮುಗಿದ ಮೇಲೆ ಯಾರು ಮೊದಲು ಮಾತಾಡುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ಗಮನಿಸಿ. ಕೂಟದಲ್ಲಿ ನಾವು ಅಲ್ಲಿಂದಲೇ ಶುರು ಮಾಡೋಣ.