ತಳವಾರನ ಹೊಲ

ಬೆಳೆ ಕಣಕ್ಕೆ ಬಂದರೂ ನೇರವಾಗಿ ರೈತನ ಮನೆ ಸೇರುತ್ತಿರಲಿಲ್ಲ. ರಾಶಿ ತೂರಿ, ಹೊಟ್ಟು ಹಾರಿ, ಕಾಳು ಗುಡ್ಡೆಯಾಗುವ ಹೊತ್ತಿಗೆ, ಊರ ಚಾಕರಿಗೆ ಪಾಲು ಪಡೆಯುವ ಆಯಗಾರರು ಬಂದು ನಿಲ್ಲುತ್ತಿದ್ದರು. ಬಡಗಿ, ಕಮ್ಮಾರ, ಕುಂಬಾರ, ಅಗಸ, ನೀರಗಂಟಿ. ಅವರ ಜೊತೆಗೆ ತಳವಾರ ಮತ್ತು ತೋಟಿ. ಬಡಗಿಯ ಪಾಲಿಗೆ ನೇಗಿಲು ಸಾಕ್ಷಿ, ಕುಂಬಾರನ ಪಾಲಿಗೆ ಮಡಕೆ ಸಾಕ್ಷಿ. ತಳವಾರನಿಗೆ ತೋರಿಸಲು ಅಂಥ ವಸ್ತುವೇನೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎತ್ತು ಇದ್ದಲ್ಲೇ ಇದೆ, ಹಗೇವಿನ ಜೋಳ ಹಾಗೇ ಇದೆ ಎಂಬುದೇ ಅವನು ಮಾಡಿದ ಕೆಲಸ. ಅದಕ್ಕಾಗಿ ಊರು ಅವನಿಗೆ ಕಾಳು ಅಳೆಯುತ್ತಿತ್ತು. ಊರ ಎಲ್ಲೆಯೊಳಗೆ ಅವನ ಮನೆತನಕ್ಕೆ ಒಂದಿಷ್ಟು ಇನಾಂ ಹೊಲವೂ ಇರುತ್ತಿತ್ತು.

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂಥ ಕಡೆ ಈ ಕಾವಲಿನ ಬೆಲೆ ಬೇರೆಯೇ. ಮಳೆ ಕಡಿಮೆಯ ನಾಡು. ಜೋಳ, ಸಜ್ಜೆ, ಶೇಂಗಾ ಕೈಗೆ ಬಂದ ವರ್ಷವೇ ಹಬ್ಬ. ಒಂದು ಜೊತೆ ಎತ್ತು ಕಳುವಾದರೆ ಮನೆಯ ಮುಂದಿನ ವರ್ಷದ ಬಿತ್ತನೆಯೇ ನಿಂತಂತೆ. ಸಾಲದ್ದಕ್ಕೆ ಇದು ಗಡಿ ಸೀಮೆ. ಜಗಳೂರು ಹಳೆಯ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೆ, ಪಕ್ಕದ ಕೂಡ್ಲಿಗಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವ ತನಕ, ರಾತ್ರಿ ದನ ಹೊಡೆದುಕೊಂಡು ಹೋದವನು ಬೆಳಗಾಗುವುದರೊಳಗೆ ಬೇರೊಂದು ಸರ್ಕಾರದ ನೆಲದಲ್ಲಿ ಇರಬಹುದಿತ್ತು. ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿದ್ದು ತೀರ ಈಚೆಗೆ, 1997ರಲ್ಲಿ.

ಕಾವಲಿನ ಕಥೆ ಹಳೆಯದು. ಚಿತ್ರದುರ್ಗ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಒಟ್ಟುಮಾಡಿದರು. ಈ ನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಪದ ‘ತುರುಗೋಳ್’, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ದನ ಬಿಡಿಸಲು ಹೋಗಿ ಸತ್ತವನಿಗೆ ಊರು ಕಲ್ಲು ನೆಟ್ಟಿತು. ‘ತಲವರ’ ಎಂಬ ಪದ ಇನ್ನೂ ಹಿಂದಕ್ಕೆ ಹೋಗುತ್ತದೆ. ಮೂರನೇ ಶತಮಾನದ ನಾಗಾರ್ಜುನಕೊಂಡದ ಶಾಸನಗಳಲ್ಲಿ ‘ಮಹಾತಲವರ’ ಎಂಬುದು ರಾಜಮನೆತನದ ನಂಟರಿಗಿದ್ದ ದೊಡ್ಡ ಬಿರುದು. ವಿಜಯನಗರದ ಕಾಲಕ್ಕೆ ಬಂದರೆ ‘ತಳವಾರಿಕೆ’ ಹಳ್ಳಿ ಕೊಡುವ ತೆರಿಗೆಗಳ ಸಾಲಿನಲ್ಲಿ ಸಿಗುತ್ತದೆ. ಅದೇ ಕಾಲದ ರಾಜಧಾನಿಯಲ್ಲಿ ಏರ್ಪಾಡು ಬೇರೆ ಇತ್ತು. 1443ರಲ್ಲಿ ಹಂಪಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿ 12,000 ಕಾವಲಿನವರಿದ್ದರೆಂದೂ ಅವರ ಸಂಬಳ ವೇಶ್ಯಾಗೃಹಗಳ ತೆರಿಗೆಯಿಂದ ಬರುತ್ತಿತ್ತೆಂದೂ ಬರೆದಿದ್ದಾನೆ. ನಗರದ ಕಾವಲುಗಾರನಿಗೆ ಸಂಬಳ, ಹಳ್ಳಿಯ ಕಾವಲುಗಾರನಿಗೆ ಹೊಲ. ಇಡೀ ಕಥೆಯನ್ನು ತಿಳಿಯಲು ಈ ವ್ಯತ್ಯಾಸವನ್ನು ಹಿಡಿದುಕೊಳ್ಳಬೇಕು.

ತಳವಾರನಿಗೂ ತೋಟಿಗೂ ಕೆಲಸ ಹಂಚಿದ್ದು ಹೇಗೆಂಬುದನ್ನು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಕುರಿತು 1812ರಲ್ಲಿ ಬ್ರಿಟನ್ ಪಾರ್ಲಿಮೆಂಟಿನ ಮುಂದೆ ಬಂದ ಐದನೇ ವರದಿ ವಿವರಿಸುತ್ತದೆ. ಅಪರಾಧಗಳ ಸುದ್ದಿ ತಿಳಿಯುವುದು, ಒಂದೂರಿಂದ ಮತ್ತೊಂದೂರಿಗೆ ಹೋಗುವ ಪ್ರಯಾಣಿಕರಿಗೆ ಬೆಂಗಾವಲಾಗಿ ನಡೆಯುವುದು ತಳವಾರನ ಪಾಲು. ಬೆಳೆ ಕಾಯುವುದು, ಅಳತೆಗೆ ನೆರವಾಗುವುದು, ಒಟ್ಟಿನಲ್ಲಿ ಊರೊಳಗಿನ ಚಾಕರಿ ತೋಟಿಯದು. ಈ ಹಂಚಿಕೆಯ ಅಡಿಯಲ್ಲಿ ಜಾತಿ ಇತ್ತು. ಚಿತ್ರದುರ್ಗ, ಜಗಳೂರು ಕಡೆ ತಳವಾರಿಕೆ ಹೆಚ್ಚಾಗಿ ಬೇಡ ನಾಯಕರ ಮನೆತನಗಳಲ್ಲಿ ನಡೆದರೆ, ತೋಟಿ ಚಾಕರಿ ದಲಿತ ಮನೆತನಗಳ ಹೆಗಲಿಗೆ ಬಿತ್ತು. ಹಗಲು ರಾತ್ರಿಯೆನ್ನದೆ ಓಡಾಡಬೇಕು, ಡಂಗುರ ಸಾರಬೇಕು, ಕರೆದಾಗ ಚಾವಡಿಯ ಮುಂದೆ ನಿಲ್ಲಬೇಕು. ಆ ಏರ್ಪಾಡನ್ನು ನೆನೆದು ಹಂಬಲಿಸುವವರು ಈ ಮಾತನ್ನು ಬಿಟ್ಟು ಮುಂದೆ ಹೋಗಬಾರದು.

ಆದರೂ ಅದರಲ್ಲೊಂದು ಗಟ್ಟಿ ಅಂಶವಿತ್ತು: ಹೊಣೆ. ದಖ್ಖಣಿನಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಗೆ ಬಂದ ಮೇಲೆ ಅದರ ಅಧಿಕಾರಿ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಇದರ ಚಿತ್ರವಿದೆ. ಕಳ್ಳತನವಾದರೆ ಊರ ಕಾವಲುಗಾರ ಹೆಜ್ಜೆಯ ಜಾಡು ಹಿಡಿದು ಹೊರಡಬೇಕು. ಜಾಡು ಪಕ್ಕದೂರಿನ ಎಲ್ಲೆ ದಾಟಿದ್ದನ್ನು ತೋರಿಸಿಕೊಟ್ಟರೆ ಹೊಣೆ ಆ ಊರಿನದು. ಜಾಡು ತನ್ನ ಊರಲ್ಲೇ ಕಳೆದುಹೋದರೆ ಕಳುವಾದ ಮಾಲಿನ ನಷ್ಟ ತುಂಬಿಕೊಡುವ ಪಾಡು ಅವನಿಗೂ ಊರಿಗೂ. ತೆಂಕಣ ನಾಡಿನ ಕಾವಲಿ ಪದ್ಧತಿಯ ತಿರುಳೂ ಇದೇ: ಮಾಲು ಹುಡುಕು, ಇಲ್ಲವೇ ದುಡ್ಡು ಕೊಡು. ಇಂಗ್ಲೆಂಡಿನಲ್ಲೂ 1285ರ ವಿಂಚೆಸ್ಟರ್ ಶಾಸನ, ದರೋಡೆಕೋರನನ್ನು ಹಿಡಿದುಕೊಡದ ಸೀಮೆಯ ಜನರೇ ನಷ್ಟಕ್ಕೆ ಉತ್ತರ ಕೊಡಬೇಕೆಂದು ಕಟ್ಟುಮಾಡಿತ್ತು. ಸಾವಿರಾರು ಹರದಾರಿ ದೂರದ ಎರಡು ನಾಡುಗಳು ಒಂದೇ ಉಪಾಯಕ್ಕೆ ಬಂದಿದ್ದವು.

ಈ ಹೊಣೆಗೆ ಇನ್ನೊಂದು ಮುಖವೂ ಇತ್ತು. ಕಾವಲಿ ಹಣ ಪಾಳೆಯಗಾರರ ಕೈಗೆ ಸಿಕ್ಕ ಕಡೆ ಅದು ಸುಲಿಗೆಯಾಯಿತು. ದುಡ್ಡು ಕೊಡದ ಊರಿನ ದನ ಮಾಯವಾಗುತ್ತಿದ್ದವು. ಕಾಯುವವನೂ ಕದಿಯುವವನೂ ಒಬ್ಬನೇ ಆಗಿರುತ್ತಿದ್ದ. ಪಾಳೆಯಗಾರರಾದ ನಾಯಕರು ಆಳುತ್ತಿದ್ದ ಚಿತ್ರದುರ್ಗವನ್ನು 1779ರಲ್ಲಿ ಹೈದರಾಲಿ ಗೆದ್ದು, ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ. ನಾಯಕರ ಕೋಟೆ ಹೋಯಿತು, ಹಳ್ಳಿಯ ತಳವಾರ ಉಳಿದ.

ಕಂಪನಿಯವರು ಮೊದಲು ಅವನನ್ನು ಕಡೆಗಣಿಸಿದರು. ಮದ್ರಾಸ್ ಪ್ರಾಂತ್ಯದಲ್ಲಿ 1802ರಿಂದ ದರೋಗರನ್ನು ನೇಮಿಸಿ ಸಂಬಳದ ಪೊಲೀಸರನ್ನು ತಂದರು. ಹೊರಗಿನಿಂದ ಬಂದ ದರೋಗನಿಗೆ ಊರಿನ ಪರಿಚಯವಿಲ್ಲ, ಊರಿಗೆ ಅವನ ಮೇಲೆ ನಂಬಿಕೆಯಿಲ್ಲ. ಬಳ್ಳಾರಿ ಸೀಮೆಯನ್ನು ಏಳು ವರ್ಷ ಆಳಿದ್ದ ಥಾಮಸ್ ಮನ್ರೋ ಇದನ್ನು ಬಲವಾಗಿ ವಿರೋಧಿಸಿದ. 1814ರಲ್ಲಿ ನ್ಯಾಯ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಬಂದು, 1816ರ ಕಾಯಿದೆಗಳ ಮೂಲಕ ದರೋಗರನ್ನು ತೆಗೆಸಿ, ಊರ ಗೌಡನಿಗೂ ತಳವಾರನಿಗೂ ಕಾವಲನ್ನು ಮರಳಿ ಕೊಡಿಸಿದ. ಗಡಿಯ ಈಚೆ ಮೈಸೂರಿನಲ್ಲಿ ಕಂದಾಚಾರವೆಂಬ ಪಡೆಯ ಜನ ಸೈನ್ಯಕ್ಕೂ ಕಾವಲಿಗೂ ಇದ್ದರು. ಆಮೇಲೆ 1861ರ ಪೊಲೀಸ್ ಕಾಯ್ದೆಯ ಅಚ್ಚಿನಲ್ಲಿ ಠಾಣೆ, ಕಾನ್‌ಸ್ಟೆಬಲ್, ದರ್ಜೆ ಎಲ್ಲ ಬಂದವು. ಆದರೆ ಠಾಣೆಯಿಂದ ಹತ್ತಾರು ಮೈಲಿ ದೂರದ ಹಳ್ಳಿಯಲ್ಲಿ ಹೆಣ ಬಿದ್ದರೆ ಸುದ್ದಿ ಹೊತ್ತು ನಡೆಯುವವನು ತೋಟಿಯೇ. ಮೈಸೂರು ಸಂಸ್ಥಾನ 1908ರಲ್ಲಿ ಗ್ರಾಮಾಧಿಕಾರಗಳ ಕಾಯ್ದೆ ತಂದು ಈ ವಂಶಪಾರಂಪರ್ಯಕ್ಕೆ ಕಾನೂನಿನ ಮುದ್ರೆ ಒತ್ತಿತು.

ಊರಿನ ಕಣ್ಣು ಯಾರನ್ನು ನೋಡುತ್ತಿತ್ತು ಎಂಬುದನ್ನೂ ಹೇಳಬೇಕು. ಕೊರಚರು, ಕೊರಮರು, ಲಂಬಾಣಿಗರು ಒಂದು ಕಾಲಕ್ಕೆ ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪನ್ನೂ ಬಯಲಿನ ಧಾನ್ಯವನ್ನೂ ಸಾಗಿಸುತ್ತಿದ್ದ ವ್ಯಾಪಾರಿಗಳು. ರಸ್ತೆ, ರೈಲು ಬಂದು ಅವರ ಉಪ್ಪಿನ ವ್ಯಾಪಾರ ಮುರಿಯಿತು. 1876–78ರ ಬರ ಉಳಿದದ್ದನ್ನೂ ನುಂಗಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಕ್ಕೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ಅಲೆಮಾರಿಗಳಿಗೆ ಸಿಕ್ಕಿದ್ದು ನೆರವಲ್ಲ, ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ. 1871ರಲ್ಲಿ ಉತ್ತರದಲ್ಲಿ ಹುಟ್ಟಿದ ಆ ಹೆಸರಿನ ಕಾಯ್ದೆ ಮುಂದೆ ದಕ್ಷಿಣಕ್ಕೂ ಬಂತು. ಹೆಸರು ನೋಂದಾಯಿಸಿ, ರಾತ್ರಿ ಹಾಜರಿ ಹಾಕಿ, ಊರು ಬಿಟ್ಟರೆ ಚೀಟಿ ಪಡೆಯಬೇಕಿತ್ತು. ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟೇ ಇತ್ತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಹಣೆಪಟ್ಟಿ ಮಾತ್ರ ಊರಿನ ಮಾತಿನಿಂದ ಅಷ್ಟು ಬೇಗ ಅಳಿಯಲಿಲ್ಲ. ತನ್ನವರನ್ನು ಕಾಯುವ ಊರು ಹೊರಗಿನವರ ಮೇಲೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಎಲ್ಲರ ವಂಶದ ಹಕ್ಕು ಒಂದೇ ದಿನಕ್ಕೆ ಮುಗಿಯಿತು. ಬಿಟ್ಟಿ ಚಾಕರಿಯಿಂದ ಬಿಡುಗಡೆ ಸಿಕ್ಕಿತು. ಇದು ಆಗಲೇಬೇಕಿದ್ದ ಕೆಲಸ. ಶಾನುಭೋಗನ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. ತಳವಾರನ ಜಾಗಕ್ಕೆ ಹೆಸರು ಹೇಳಿ ತೋರಿಸುವಂತೆ ಯಾರೂ ಬರಲಿಲ್ಲ. ಮರುವರ್ಷವೇ, 1964ರಲ್ಲಿ, ಗ್ರಾಮ ರಕ್ಷಣಾ ದಳಗಳ ಕಾಯ್ದೆಯಾದದ್ದು ಆ ಖಾಲಿತನ ಆಗಲೇ ಕಾಣಿಸಿತ್ತು ಎಂಬುದನ್ನು ಹೇಳುತ್ತದೆ. ಊರಿನ ಯುವಕರು ಸ್ವಇಚ್ಛೆಯಿಂದ ಗಸ್ತು ತಿರುಗಲಿ ಎಂಬುದು ಅದರ ಆಸೆ. ಕಣದ ಪಾಲೂ ಇಲ್ಲ, ಹೊಲವೂ ಇಲ್ಲ. ಕಳುವಾದರೆ ತುಂಬಿಕೊಡುವ ಹೊಣೆಯೂ ಇಲ್ಲ.

ಅಲ್ಲಿಂದೀಚೆಗೆ ಪೊಲೀಸ್ ಇಲಾಖೆ ಆ ಹಳೆಯ ಪರಿಚಯವನ್ನು ಬೇರೆ ಬೇರೆ ಹೆಸರಿನಲ್ಲಿ ಹುಡುಕುತ್ತಲೇ ಇದೆ. 2017ರಲ್ಲಿ ರಾಜ್ಯದಾದ್ಯಂತ ಸುಧಾರಿತ ಬೀಟ್ ವ್ಯವಸ್ಥೆ ಬಂದು, ಪ್ರತಿ ಹಳ್ಳಿ, ಪ್ರತಿ ಬಡಾವಣೆ ಒಬ್ಬೊಬ್ಬ ಪೊಲೀಸರ ಹೆಸರಿಗೆ ಬಿತ್ತು. ಕರಾವಳಿಯಲ್ಲಿ, ಮಲ್ಪೆಯನ್ನು ಕೇಂದ್ರ ಮಾಡಿಕೊಂಡ ಕರಾವಳಿ ಕಾವಲು ಪೊಲೀಸರು ಕಡಲಲ್ಲಿ ಅಪರಿಚಿತ ದೋಣಿ ಕಂಡರೆ ತಿಳಿಸಲು ಮೀನುಗಾರರನ್ನೇ ನೆಚ್ಚಿಕೊಂಡಿದ್ದಾರೆ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಪೊಲೀಸರು ಬಾಗಿಲಿಗೆ ಬಂದು ಕುಶಲ ಕೇಳುವುದು ಒಳ್ಳೆಯದೇ. ಆದರೆ ಆ ಪೊಲೀಸರಿಗೆ ವರ್ಗಾವಣೆ ಇದೆ, ಬಂದೋಬಸ್ತ್ ಇದೆ, ಒಬ್ಬರ ಮೇಲೆ ಹಲವು ಹಳ್ಳಿಗಳಿವೆ. ಹೊಲದ ದಾರಿಗಳು ಗೊತ್ತಾಗುವ ಹೊತ್ತಿಗೆ ಅವರು ಬೇರೆ ಠಾಣೆಯಲ್ಲಿರುತ್ತಾರೆ.

ಪರಿಚಯ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಂಡಿದೆ. 2024ರ ಮೇ 24ರಂದು ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ವ್ಯಕ್ತಿ ಸತ್ತ ಸುದ್ದಿ ಹಬ್ಬಿ, ರಾತ್ರಿ ಜನ ಠಾಣೆಗೇ ನುಗ್ಗಿ ಕಲ್ಲು ತೂರಿದರು. ಪೊಲೀಸರು ಗಾಯಗೊಂಡರು, ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು.

ಅಪರಾಧದ ಬಗೆಯೂ ಬದಲಾಗಿದೆ. ಎತ್ತಿನ ಜಾಗಕ್ಕೆ ಬೈಕು, ಹಗೇವಿನ ಜೋಳದ ಜಾಗಕ್ಕೆ ಒಣ ಅಡಿಕೆಯ ಚೀಲ, ಫೋನಿನಲ್ಲಿ ಒಟಿಪಿ ಕೇಳುವ ದನಿ. 2024ರ ಅಕ್ಟೋಬರ್ ಕೊನೆಯಲ್ಲಿ ಅದೇ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ 17 ಕಿಲೋಗೂ ಮಿಕ್ಕಿದ ಚಿನ್ನ ರಾತ್ರೋರಾತ್ರಿ ಹೋಯಿತು. ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕವರು, ಸಿಸಿಟಿವಿಯ ಡಿವಿಆರ್ ಒಯ್ದು, ನಾಯಿಗೆ ವಾಸನೆ ಸಿಗದಂತೆ ಖಾರದ ಪುಡಿ ಚೆಲ್ಲಿದ್ದರು. ಐದು ತಿಂಗಳ ಹುಡುಕಾಟದ ನಂತರ, 2025ರ ಮಾರ್ಚ್‌ನಲ್ಲಿ, ಪೊಲೀಸರು ಆರು ಜನರನ್ನು ಹಿಡಿದರು. ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು. ಪೊಲೀಸರು ಹೇಳುವ ಪ್ರಕಾರ ಮುಖ್ಯ ಆರೋಪಿಗಳು ನ್ಯಾಮತಿಯಲ್ಲೇ ಸಿಹಿ ತಿಂಡಿಯ ಅಂಗಡಿ ನಡೆಸುತ್ತಿದ್ದವರು. ಊರಿಗೆಲ್ಲ ಮುಖ ಪರಿಚಯ. ಹಳೆಯ ಕಾಲದ ಜಾಡು ಪಕ್ಕದೂರಿನ ಎಲ್ಲೆಯಲ್ಲಿ ಕೈ ಬದಲಿಸುತ್ತಿತ್ತು. ಈ ಜಾಡು ರಾಜ್ಯದ ಗಡಿ ದಾಟಿ ಹೋಗಿತ್ತು. ಅದನ್ನು ಹಿಡಿದು ಹೋದವರು ತಿಂಗಳುಗಟ್ಟಲೆ ಮನೆ ಮರೆತು ಕೆಲಸ ಮಾಡಿದ್ದಾರೆ.

ತಳವಾರನ ಹೊಲದ ವ್ಯವಹಾರ ಮಾತ್ರ ಇನ್ನೂ ಮುಗಿದಿಲ್ಲ. ಸರ್ಕಾರಕ್ಕೆ ಸೇರಿದ ಇನಾಂ ಜಮೀನನ್ನು ಹಣ ಕಟ್ಟಿಸಿಕೊಂಡು ಅದೇ ಮನೆತನಗಳಿಗೆ ಮರುಮಂಜೂರು ಮಾಡಬೇಕೆಂದು 1961ರ ರದ್ದತಿ ಕಾಯ್ದೆ ಹೇಳಿತ್ತು. ಬಡತನಕ್ಕೆ ಕೆಲವರು ಅದಕ್ಕೂ ಮೊದಲೇ ಮಾರಿದ್ದರು. 1978ರ ತಿದ್ದುಪಡಿ, ಮರುಮಂಜೂರಾದ ಹೊಲವನ್ನು 15 ವರ್ಷ ಪರಭಾರೆ ಮಾಡಬಾರದೆಂದಿತು. ಕೊಂಡವರು ಒಂದು ಕಡೆ, ಮಾರಿದವರ ಮಕ್ಕಳು ಇನ್ನೊಂದು ಕಡೆ ನಿಂತು ತಹಶೀಲ್ದಾರರ ಕಚೇರಿಯಿಂದ ಹೈಕೋರ್ಟಿನವರೆಗೆ ಅಲೆದರು. 2020ರಲ್ಲಿ ಸಂಸತ್ತು ನಾಯಕ ಸಮುದಾಯದ ಪರ್ಯಾಯ ಪದಗಳಾಗಿ ‘ಪರಿವಾರ’, ‘ತಳವಾರ’ ಎಂಬ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ರಾತ್ರಿ ಊರು ಕಾಯುವ ಕೆಲಸ ಹೋಗಿ ಅರುವತ್ತು ವರ್ಷವಾಗುತ್ತ ಬಂದಿದ್ದಾಗ, ಅದರ ಹೆಸರು ಜಾತಿ ಪ್ರಮಾಣಪತ್ರದ ಮೇಲೆ ಹೊಸದಾಗಿ ಅಚ್ಚಾಯಿತು.